ನಂಬರ್ ಪ್ಲೇಟಿನಲ್ಲಿ ಗಡಿನಾಡಿನ ಚರಿತ್ರೆ

ಕಾಸರಗೋಡಿನ ಚರಿತ್ರೆಯನ್ನು ಬರೆದವರು ಶಿಲಾಶಾಸನಗಳನ್ನು, ಕೋಟೆ ಕೊತ್ತಲಗಳನ್ನು, ದೇವಸ್ಥಾನದ ಕಡತಗಳನ್ನು, ರಾಜ್ಯ ಪುನರ್ವಿಂಗಡಣೆಯ ವರದಿಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅದು ಸರಿಯೇ. ಆದರೆ ನಮ್ಮ ಮನೆಯ ಮುಂದಿನ ಮಾರ್ಗದಲ್ಲಿ ದಿನವೂ ಓಡಾಡುವ ಇನ್ನೊಂದು ದಾಖಲೆ ಇದೆ. ಅದನ್ನು ಯಾರೂ ದಾಖಲೆಯೆಂದು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಅದು ವಾಹನಗಳ ನಂಬರ್ ಪ್ಲೇಟು. ಪೆರ್ಲದ ಪೇಟೆಯಲ್ಲಾಗಲಿ ಉಪ್ಪಳದಲ್ಲಾಗಲಿ ಅರ್ಧ ಗಂಟೆ ನಿಂತರೆ ಕಾಸರಗೋಡಿನ ಕೆ.ಎಲ್. 14, ಮಂಗಳೂರಿನ ಕೆ.ಎ. 19, ಪುತ್ತೂರಿನ ಕೆ.ಎ. 21, ಬಂಟ್ವಾಳದ ಕೆ.ಎ. 70 ಎಲ್ಲವೂ ಕಣ್ಣಿಗೆ ಬೀಳುತ್ತವೆ. ಒಳಗೆ ಕೂತವರ ಮಾತು ಮಾತ್ರ ಅದೇ ತುಳು, ಅದೇ ಕನ್ನಡ, ಅದೇ ಬ್ಯಾರಿ, ಅದೇ ಮಲಯಾಳ. ಮಾತಿಗೂ ನಂಬರಿಗೂ ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ನಮ್ಮ ನಾಡಿನ ನೂರು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ.

ಭಾರತಕ್ಕೆಲ್ಲ ಅನ್ವಯವಾಗುವ ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. 'ಭಾರತಕ್ಕೆಲ್ಲ' ಎಂದರೆ ಬ್ರಿಟಿಷ್ ಇಂಡಿಯಾಕ್ಕೆ ಎಂದರ್ಥ. ಮೈಸೂರು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ಅದರ ಹೊರಗೆ. ಅದೇ 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಸಿ.ಪಿ.ಸಿ., ಬಸ್ಸು ಓಡಿಸಲು ತೊಡಗಿತು. ಕರಾವಳಿಯಲ್ಲಿ ರೈಲು ಅದಕ್ಕಿಂತ ಮೊದಲೇ, 1907ರಲ್ಲಿ, ಮಂಗಳೂರನ್ನು ಮುಟ್ಟಿತ್ತು. ಮಾರ್ಗದ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ ಎಂದು ಹೊಳೆಯ ಮೇಲೆ ಹೊಳೆ. ಸೇತುವೆಗಳಾಗುವ ತನಕ ಕಡವಿನ ದೋಣಿಯೇ ಗತಿ.

ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. ದಕ್ಷಿಣಕ್ಕೆ ಹೊರಟರೆ ಮಲಬಾರು. ಅದೂ ಮದರಾಸಿನದೇ ಜಿಲ್ಲೆ. ಹೀಗಾಗಿ ಮಂಗಳೂರಿನಿಂದ ಕಣ್ಣೂರಿಗೆ ಕಾರಿನಲ್ಲಿ ಹೋದವನು ಪ್ರಾಂತದ ಗಡಿಯನ್ನೇ ದಾಟಿದಂತಾಗುತ್ತಿರಲಿಲ್ಲ. ಅದೇ ಮನುಷ್ಯ ಘಟ್ಟ ಹತ್ತಿ ಮಡಿಕೇರಿಗೆ ಹೋದರೆ ಕೊಡಗೆಂಬ ಬೇರೆ ಪ್ರಾಂತ. ಅಲ್ಲಿಂದ ಮುಂದೆ ಮೈಸೂರಿಗೆ ಹೋದರೆ ಮಹಾರಾಜರ ಆಳ್ವಿಕೆಯ ಬೇರೆಯೇ ನಾಡು. ಇಂದಿನ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಗಡಿ ಎಂಬುದು ಆಗ ತಲಪಾಡಿಯಲ್ಲಿ ಇರಲಿಲ್ಲ, ಘಟ್ಟದ ನೆತ್ತಿಯಲ್ಲಿತ್ತು. ತಲಪಾಡಿ ಕಾಸರಗೋಡಿಗೂ ಮಂಗಳೂರಿಗೂ ನಡುವೆ ಸಿಗುವ ಒಂದು ಊರು, ಅಷ್ಟೇ.

ವಾಹನ ತೆರಿಗೆಯ ಹುಟ್ಟಿನ ಕಥೆಯೂ ಮದರಾಸಿನದೇ. ಮೊದಲು ಸ್ಥಳೀಯ ಸಂಸ್ಥೆಗಳು ಮಾರ್ಗದಲ್ಲಿ ಅಲ್ಲಲ್ಲಿ ಕಟ್ಟೆ ಹಾಕಿ ಸುಂಕ ವಸೂಲು ಮಾಡುತ್ತಿದ್ದವು. ಮೋಟಾರು ಹೆಚ್ಚಿದಂತೆ ಈ ಕಟ್ಟೆಗಳು ಪ್ರಯಾಣಕ್ಕೆ ಅಡ್ಡಿಯಾದವು. ಮದರಾಸು ಮೋಟಾರು ವಾಹನ ತೆರಿಗೆ ಕಾಯಿದೆ 1931ರಲ್ಲಿ ಬಂದಾಗ ಸುಂಕದ ಕಟ್ಟೆಗಳು ಹೋಗಿ, ಅದರ ಬದಲು ವಾಹನಕ್ಕೆ ಒಂದೇ ತೆರಿಗೆ ಎಂದಾಯಿತು. ಸ್ಥಳೀಯ ಸಂಸ್ಥೆಗಳಿಗೆ ಆದ ನಷ್ಟವನ್ನು ಆ ತೆರಿಗೆಯಿಂದ ತುಂಬಿಕೊಡುವ ಏರ್ಪಾಡು. ಅಂದರೆ ವಾಹನ ತೆರಿಗೆ ಹುಟ್ಟಿದ್ದೇ ಮಾರ್ಗದ ಅಡ್ಡಿಯನ್ನು ತೆಗೆಯಲಿಕ್ಕಾಗಿ. ಮುಂದೆ ಅದೇ ತೆರಿಗೆ ರಾಜ್ಯ ರಾಜ್ಯಗಳ ನಡುವೆ ಹೊಸ ಅಡ್ಡಿಯಾದುದನ್ನು ನೋಡುವಾಗ ಈ ಸಂಗತಿ ನೆನಪಿರಲಿ.

1939ರಲ್ಲಿ ಮೋಟಾರು ವಾಹನ ಕಾಯಿದೆ ಹೊಸದಾಗಿ ರಚನೆಯಾಯಿತು. ಪ್ರಾಂತ ಪ್ರಾಂತಗಳಿಗೆ ಅಕ್ಷರಗಳ ಹಂಚಿಕೆ ನಡೆಯಿತು. ಮದರಾಸಿನ ವಾಹನಗಳಿಗೆ ಎಂ. ಎಂಬ ಅಕ್ಷರ ಮೊದಲು. ಕಾಸರಗೋಡಿನ ಅಡಿಕೆ ವ್ಯಾಪಾರಿಯ ಕಾರಿಗೂ ಮದರಾಸಿನ ವಕೀಲರ ಕಾರಿಗೂ ಮೊದಲಕ್ಷರ ಒಂದೇ.

ಇನ್ನು 1956ಕ್ಕೆ ಬರೋಣ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಕನ್ನಡ ನಾಡಿಗೂ ಅದರ ಕಾಸರಗೋಡು ತಾಲೂಕನ್ನು ಕೇರಳಕ್ಕೂ ಕೊಡಬೇಕೆಂದಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಕಾಸರಗೋಡು ಮಲಬಾರು ಜಿಲ್ಲೆಗೆ ಸೇರಿತು. 1957ರ ಜನವರಿ 1ರಂದು ಮಲಬಾರು ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾಯಿತು. ಆ ನಂತರದ ಹೋರಾಟ, 1966ರ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಅದು ಕೊಟ್ಟ ಶಿಫಾರಸು, ಆ ಶಿಫಾರಸು ಜಾರಿಯಾಗದೆ ಉಳಿದದ್ದು, ಇವೆಲ್ಲ ಈ ವಾರ್ಷಿಕದ ಓದುಗರಿಗೆ ಹೊಸತಲ್ಲ. ನಾನಿಲ್ಲಿ ಕೇಳುವುದು ಸಣ್ಣ ಪ್ರಶ್ನೆ. ಅಂದು ಕಾಸರಗೋಡಿನ ಅಂಗಳದಲ್ಲಿ ನಿಂತಿದ್ದ ಒಂದು ಕಾರಿನ ಸ್ಥಿತಿ ಏನಾಯಿತು?

ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವಾಹನವನ್ನು ಒಯ್ದರೆ ಏನು ಮಾಡಬೇಕೆಂದು ಕಾನೂನು ಹೇಳುತ್ತದೆ. ಇಲ್ಲಿ ಕಾರು ಅಂಗಳ ಬಿಟ್ಟು ಅಲುಗಲಿಲ್ಲ. ರಾಜ್ಯವೇ ಕಾರಿನ ಅಡಿಯಿಂದ ಸರಿದುಹೋಯಿತು. 1956ರ ಪುನರ್ವಿಂಗಡಣಾ ಕಾಯಿದೆ ಇದಕ್ಕೆ ಒಂದು ದಾರಿ ಇಟ್ಟಿತ್ತು. ಅದರ 119ನೆಯ ಕಲಮಿನ ಪ್ರಕಾರ, ಯಾವ ಪ್ರದೇಶದಲ್ಲಿ ಯಾವ ಕಾನೂನು ಇತ್ತೋ, ಹೊಸ ಶಾಸನಸಭೆ ಬೇರೆ ನಿರ್ಧಾರ ಮಾಡುವ ತನಕ, ಅದೇ ಅಲ್ಲಿ ಮುಂದುವರಿಯುತ್ತದೆ. ಹೀಗಾಗಿ 1956ರ ನವೆಂಬರ್ 2ರಂದು ತಲಪಾಡಿಯ ಆಚೆಗೂ ಈಚೆಗೂ ನಡೆಯುತ್ತಿದ್ದದ್ದು ಅದೇ ಹಳೆಯ 1931ರ ಮದರಾಸು ತೆರಿಗೆ ಕಾಯಿದೆ. ರಾಜ್ಯ ಎರಡಾದರೂ ಕಾನೂನು ಒಂದೇ. ಮೈಸೂರು ರಾಜ್ಯ ತನ್ನ ಮೋಟಾರು ವಾಹನ ತೆರಿಗೆ ಕಾಯಿದೆಯನ್ನು 1957ರಲ್ಲಿ ಮಾಡಿಕೊಂಡಿತು. ಕೇರಳ 1963ರಲ್ಲಿ ಮಾಡಿತು. ಅದರ ಜಾಗಕ್ಕೆ ಈಗಿರುವ 1976ರ ಕಾಯಿದೆ ಬಂತು. ಗಡಿ ಎಂಬುದು ನಕ್ಷೆಯಲ್ಲಿ ಒಂದು ರಾತ್ರಿಯಲ್ಲಿ ಬಿದ್ದರೂ ಕಾಗದಪತ್ರದಲ್ಲಿ ಬೀಳಲು ಏಳು ವರ್ಷ ಹಿಡಿಯಿತು ಎನ್ನಬಹುದು.

ನಂಬರುಗಳು ಮಾತ್ರ ಬೇಗನೆ ಬೇರೆಯಾದವು. ಈ ಕಡೆ ಕೆ.ಎಲ್. ಎಂದು ಆರಂಭವಾಗುವ ಅಕ್ಷರಗಳು, ಆ ಕಡೆ ಎಂ.ವೈ., ಎಂ.ಇ., ಮುಂದೆ ಸಿ.ಎ., ಸಿ.ಎನ್. ಎಂಬಂಥವು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ದೇಶಕ್ಕೆಲ್ಲ ಇಂದಿನ ಪದ್ಧತಿ ಬಂತು: ರಾಜ್ಯಕ್ಕೆ ಎರಡಕ್ಷರ, ಕಚೇರಿಗೆ ಒಂದು ಸಂಖ್ಯೆ. ಕೇರಳದವರು ಜಿಲ್ಲೆಗಳನ್ನು ತೆಂಕಿನಿಂದ ಬಡಗಿಗೆ ಎಣಿಸಿದರು. ತಿರುವನಂತಪುರ ಒಂದು, ಕಣ್ಣೂರು ಹದಿಮೂರು, ಕಾಸರಗೋಡು ಹದಿನಾಲ್ಕು. ರಾಜಧಾನಿಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸಾಲಿನ ಕೊನೆಯಲ್ಲಿ ನಾವಿದ್ದೇವೆ ಎಂಬುದನ್ನು ನಮ್ಮ ವಾಹನಗಳು ಹಿಂದೆ ಮುಂದೆ ಬರೆದುಕೊಂಡೇ ಓಡುತ್ತವೆ. ಮಂಗಳೂರಾದರೋ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು.

ಈಗಿನ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗಡಿಯಲ್ಲಿ ಬಾಳುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. 46ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ಭಾರತಕ್ಕೆ ಸಲ್ಲುತ್ತದೆ. ಎಷ್ಟು ಉದಾರವಾದ ಮಾತು! ಆದರೆ ಮರುಕಲಮಿನಲ್ಲೇ ಬಿಗಿ ಬರುತ್ತದೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ, ಒಡೆಯನು ಅಲ್ಲಿನ ಕಚೇರಿಗೆ ಅರ್ಜಿ ಹಾಕಿ ಹೊಸ ನಂಬರು ಪಡೆಯಬೇಕು. ಅದಕ್ಕೆ 27ನೆಯ ನಮೂನೆ. ಅದರ ಜತೆಗೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ. ಅದಕ್ಕೆ 28ನೆಯ ನಮೂನೆ. ಅರ್ಜಿ ಕೊಟ್ಟು 30 ದಿನಗಳೊಳಗೆ ಇಲ್ಲವೆಂಬ ಉತ್ತರ ಬಾರದಿದ್ದರೆ ನಿರಾಕ್ಷೇಪಣಾ ಪತ್ರ ಸಿಕ್ಕಿದಂತೆಯೇ ಎಂದು 48ನೆಯ ಕಲಮು ಹೇಳುತ್ತದೆ. ವಾಸಸ್ಥಳ ಬದಲಾದರೆ 30 ದಿನಗಳೊಳಗೆ ತಿಳಿಸಬೇಕೆಂಬುದು 49ನೆಯದು.

ಇಡೀ ದೇಶಕ್ಕೆ ಸಲ್ಲುವ ನೋಂದಣಿಯನ್ನು ಮತ್ತೆ ಯಾಕೆ ಮಾಡಿಸಬೇಕು? ಇದರ ಉತ್ತರ ಮೋಟಾರು ಕಾಯಿದೆಯಲ್ಲಿ ಅಲ್ಲ, ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ಯಂತ್ರದಿಂದ ಓಡುವ ವಾಹನಗಳ ವಿಷಯ, ಅವುಗಳ ತೆರಿಗೆಯ ತತ್ವವೂ ಸೇರಿದಂತೆ, ಸಮವರ್ತಿ ಪಟ್ಟಿಯ 35ನೆಯ ನಮೂದು. ತೆರಿಗೆ ಹಾಕುವ ಅಧಿಕಾರ ರಾಜ್ಯ ಪಟ್ಟಿಯ 57ನೆಯ ನಮೂದು. ನೋಂದಣಿಯ ಕಾನೂನು ದಿಲ್ಲಿಯದು, ಹಣ ರಾಜ್ಯದ್ದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅನೇಕ ತೆರಿಗೆಗಳು ಒಂದರಲ್ಲಿ ಲೀನವಾದವು. ವಾಹನ ತೆರಿಗೆ ಮಾತ್ರ ಹೊರಗೇ ಉಳಿಯಿತು. ಹೀಗಾಗಿ ನಂಬರ್ ಪ್ಲೇಟು ಮೂಲತಃ ಒಂದು ರಶೀದಿ. ಈ ವಾಹನ ಯಾವ ಸರಕಾರಕ್ಕೆ ತೆರಿಗೆ ಕಟ್ಟಿದೆ ಎಂಬುದಷ್ಟೇ ಅದರ ಅರ್ಥ. ಅದು ಭಾಷೆಯ ಗುರುತಲ್ಲ, ಅಭಿಮಾನದ ಬಾವುಟವೂ ಅಲ್ಲ.

ಈ ದಾರಿಯನ್ನು ನಾನೂ ನಡೆದು ನೋಡಿದ್ದೇನೆ. ಘಟ್ಟದ ಮೇಲೆ ಬಹುಕಾಲ ಅಧ್ಯಾಪಕನಾಗಿದ್ದು ನಿವೃತ್ತಿಯ ಮೇಲೆ ಎಣ್ಮಕಜೆಯ ಮನೆಗೆ ಮರಳಿದಾಗ ಜತೆಯಲ್ಲಿ ಕರ್ನಾಟಕದ ನಂಬರಿನ ಒಂದು ಸಣ್ಣ ಕಾರೂ ಬಂತು. ವರ್ಷ ತುಂಬುವ ಮೊದಲೇ ಕಾಗದಪತ್ರಕ್ಕೆ ಹೊರಟೆ. ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಪತ್ರ, ಕಾರು ಕಳವಿನದಲ್ಲ ಎಂಬುದಕ್ಕೆ ಪೊಲೀಸು ದಾಖಲೆ, ವಿಮೆ, ಹೊಗೆ ತಪಾಸಣೆಯ ಚೀಟಿ, ವಿಳಾಸದ ಪುರಾವೆ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದನ್ನು ಕಂಡಾಗ ನನಗೆ ಶಾಸನದ ಪಡಿಯಚ್ಚು ತೆಗೆಯುವ ವಿದ್ವಾಂಸರ ನೆನಪಾಯಿತು. ಕೆಲಸ ಒಂದೇ, ಇಲ್ಲಿ ಶಾಸನ ಕಬ್ಬಿಣದ್ದು. ಬಳಿಕ ಮೈದಾನದಲ್ಲಿ ಕಾರಿನ ಪರೀಕ್ಷೆ, ಖರೀದಿ ಬೆಲೆ ಮತ್ತು ವಯಸ್ಸು ನೋಡಿ ಈ ರಾಜ್ಯದ ತೆರಿಗೆಯ ಲೆಕ್ಕ. ತೆರಿಗೆಯನ್ನು ಇಲ್ಲಿ ಮೊದಲು ಕಟ್ಟಬೇಕು. ಅಲ್ಲಿ ಆಜೀವ ಎಂದು ಕಟ್ಟಿದ್ದರಲ್ಲಿ ಉಳಿದ ಪಾಲನ್ನು ಮರಳಿ ಕೇಳುವುದು ಆಮೇಲೆ. ಕೈಯಲ್ಲಿ ಎರಡು ಪಟ್ಟು ಹಣವಿಲ್ಲದವನು ಈ ನಡುವಿನ ಹೊಳೆಯನ್ನು ಹೇಗೆ ದಾಟಬೇಕು? ನನ್ನ ಪಾಲಿನ ಮರುಪಾವತಿಗೆ ಹದಿನಾಲ್ಕು ತಿಂಗಳು, ಘಟ್ಟ ಹತ್ತಿ ಇಳಿಯುವ ಮೂರು ಪ್ರಯಾಣ.

ಅರ್ಜಿ ಬರೆದುಕೊಡುವ ಗೆಳೆಯನೊಬ್ಬ ಆಗ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. "ಮಾಷ್ಟ್ರೇ, ನೀವು ಊರಿಗೆ ಬಂದು ವರ್ಷ ಆಯ್ತು. ನಿಮ್ಮ ಕಾರು ಇವತ್ತು ಬಂತು ನೋಡಿ." ಆತ ಮಲಯಾಳ ಮಾತೃಭಾಷೆಯವನು; ಹೇಳಿದ್ದು ಅಚ್ಚ ಕನ್ನಡದಲ್ಲಿ.

ನನ್ನದು ಒಮ್ಮೆ ಊರು ಬದಲಿಸಿದವನ ಕಥೆ, ಅದು ಮುಗಿಯಿತು. ಗಡಿಯ ಸಾವಿರಾರು ಮನೆಗಳಲ್ಲಿ ಮಾತ್ರ ಈ ಊರು ಬದಲಿಸುವ ಕೆಲಸ ದಿನವೂ ನಡೆಯುತ್ತದೆ. ಮನೆ ಮಂಜೇಶ್ವರದಲ್ಲಿ, ಅಂಗಡಿ ತೊಕ್ಕೊಟ್ಟಿನಲ್ಲಿ. ತೋಟ ಬಾಯಾರಿನಲ್ಲಿ, ಅಡಿಕೆ ಮಾರುವುದು ವಿಟ್ಲದಲ್ಲಿ. ಕಾಯಿದೆಯ 40ನೆಯ ಕಲಮು ಏನೆನ್ನುತ್ತದೆ? ಒಡೆಯನ ವಾಸಸ್ಥಳ ಅಥವಾ ವ್ಯವಹಾರಸ್ಥಳ, ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇಡುತ್ತಾರೋ ಆ ಜಾಗವಿರುವ ರಾಜ್ಯದ ಯಾವುದಾದರೂ ನೋಂದಣಿ ಕಚೇರಿಯಲ್ಲಿ ನೋಂದಣಿ. ಹಗಲು ಆ ರಾಜ್ಯದಲ್ಲಿ, ರಾತ್ರಿ ಈ ರಾಜ್ಯದಲ್ಲಿ ಇರುವ ಸ್ಕೂಟರಿಗೆ 'ಸಾಮಾನ್ಯ' ಯಾವುದು? ಮದುವೆಯಾಗಿ ಗಡಿಯ ಈಚೆಗೆ ಬಂದ ಹೆಣ್ಣುಮಗಳು ತನ್ನ ದುಡಿಮೆಯಿಂದ ಕೊಂಡ ಗಾಡಿಯನ್ನು ತಂದರೆ, ಹನ್ನೆರಡು ತಿಂಗಳ ಲೆಕ್ಕ ಎಲ್ಲಿಂದ ಹಿಡಿಯಬೇಕು? ವಾರ ವಾರ ತವರಿಗೆ ಹೋಗಿ ಬಂದರೆ ಲೆಕ್ಕ ಮುರಿಯುತ್ತದೋ? ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ವರ್ಗವಾಗಿ ದೂರದ ಊರಿಗೆ ಸಾಮಾನು ಸಾಗಿಸುವ ನೌಕರ. ಬೇಲಿಯ ಎರಡು ಕಡೆಯೂ ಬಾಳುವ ಕೃಷಿಕನಲ್ಲ.

ಬಾಡಿಗೆ ವಾಹನಗಳ ಪಾಡು ಇನ್ನೂ ಬಿಗಿ. ಒಂದು ರಾಜ್ಯದ ಪರವಾನಗಿ, ಇನ್ನೊಂದು ರಾಜ್ಯ ಅದಕ್ಕೆ ಮೇಲುಸಹಿ ಹಾಕದ ಹೊರತು ಅಲ್ಲಿ ನಡೆಯದು ಎಂಬುದು 88ನೆಯ ಕಲಮಿನ ಸಾಮಾನ್ಯ ನಿಯಮ. ಬಸ್ಸುಗಳಿಗೆ ಎರಡು ರಾಜ್ಯಗಳ ಒಪ್ಪಂದವಿದೆ. ಕಾಸರಗೋಡು-ಮಂಗಳೂರು ಮಾರ್ಗದಲ್ಲಿ ಎರಡೂ ಸರಕಾರಗಳ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತವೆ. ಎರಡರ ಹೆಸರೂ ಕೆ.ಎಸ್.ಆರ್.ಟಿ.ಸಿ.! ಆ ನಾಲ್ಕಕ್ಷರ ಯಾರದೆಂಬ ಜಗಳ ನ್ಯಾಯಾಲಯದ ತನಕ ಹೋಯಿತು. ಪ್ರಯಾಣಿಕರಿಗೆ ಮೊದಲು ಬಂದ ಬಸ್ಸೇ ತಮ್ಮದು.

ಈ ತೊಡಕು ನಮ್ಮ ಗಡಿಗೆ ಮಾತ್ರ ಸೀಮಿತವಲ್ಲ. ಬೇರೆ ರಾಜ್ಯದ ನಂಬರಿನ ವಾಹನ 30 ದಿನ ಮೀರಿ ಉಳಿದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ಕಾಯಿದೆ ತಿದ್ದಿತು. ಬೆಂಗಳೂರಿನಲ್ಲಿ ದುಡಿಯುವ ಹೊರನಾಡಿನವರ ಗಾಡಿಗಳು ರಸ್ತೆ ಬದಿಯಲ್ಲಿ ತಡೆಯಲ್ಪಟ್ಟವು. ಕರ್ನಾಟಕ ಹೈಕೋರ್ಟು 2016ರಲ್ಲಿ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಆಂಧ್ರ ಒಡೆದು 2014ರಲ್ಲಿ ತೆಲಂಗಾಣವಾದಾಗ ಹೈದರಾಬಾದಿನ ಕಾರುಗಳಿಗೆ ಬಂದ ಪ್ರಶ್ನೆ 1956ರಲ್ಲಿ ನಮ್ಮ ಕಾರುಗಳಿಗೆ ಬಂದ ಪ್ರಶ್ನೆಯೇ, ಎ.ಪಿ. ಅಕ್ಷರದ ಹಳೆಯ ವಾಹನಗಳು ಅಲ್ಲಿ ಇಂದಿಗೂ ಓಡುತ್ತಿವೆ. ವರ್ಗಾವಣೆಯ ನೌಕರರ ಕಷ್ಟಕ್ಕೆ 2021ರ ಸೆಪ್ಟೆಂಬರ್ 15ರಿಂದ ಬಿ.ಎಚ್. ಎಂಬ ಭಾರತ ಸರಣಿ ಬಂತು. ಅದರಲ್ಲಿ ತೆರಿಗೆ ಎರಡೆರಡು ವರ್ಷಕ್ಕೆ, ರಾಜ್ಯ ಬದಲಿಸಿದರೂ ನಂಬರು ಅದೇ. ಆದರೆ ಅದು ಸೇನೆಯವರಿಗೆ, ಸರಕಾರಿ ನೌಕರರಿಗೆ, ನಾಲ್ಕಾದರೂ ರಾಜ್ಯಗಳಲ್ಲಿ ಕಚೇರಿ ಇರುವ ಕಂಪೆನಿಯವರಿಗೆ. ಗಡಿಯ ಅಡಿಕೆ ಬೆಳೆಗಾರನಿಗೆ, ಬೀಡಿ ಕಟ್ಟುವವಳ ಮಗನ ಬೈಕಿಗೆ ಅದರಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಆದರೂ ಇದು ಹಣದ ಮತ್ತು ಕಾಗದದ ಕಷ್ಟ, ಸಹಿಸಬಹುದು. 2020ರಲ್ಲಿ ನಡೆದದ್ದು ಬೇರೆ. ಆ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೋನಾ ಹರಡುವ ಭಯದಿಂದ ಕರ್ನಾಟಕವು ಗಡಿಯ ಮಾರ್ಗಗಳನ್ನು ಮುಚ್ಚಿತು. ಕೆಲವೆಡೆ ಮಣ್ಣು ಸುರಿದೇ ಮುಚ್ಚಿತು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಕಾಯಿಲೆಗೆ ಆಸ್ಪತ್ರೆ ಎಂದರೆ ತಲೆಮಾರುಗಳಿಂದ ಮಂಗಳೂರೇ. ಮೂತ್ರಪಿಂಡದ ಕಾಯಿಲೆಯವರು, ಹೃದ್ರೋಗಿಗಳು, ದಿನ ತುಂಬಿದ ಹೆಂಗಸರು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಆಂಬುಲೆನ್ಸುಗಳು ಹಿಂದಿರುಗಿದವು. ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಮಾರ್ಗ ತೆರೆಯಿಸಲು ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಒಪ್ಪಂದವಾಗಿದೆ ಎಂದು ಏಪ್ರಿಲ್ 7ರಂದು ದಾಖಲಾಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾಗಿ ಅರೆಬರೆಯಾಗಿ ನಿಂತಿದ್ದ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲಿನಲ್ಲಿ ತರಾತುರಿಯಿಂದ ಕೊರೋನಾ ಆಸ್ಪತ್ರೆಯಾಯಿತು.

ಆ ದಿನಗಳಲ್ಲಿ ದೂರದಿಂದಲೇ ಕಾಣುವ ಗುರುತು ಒಂದೇ: ಕೆ.ಎಲ್. 14. ಒಳಗಿದ್ದ ರೋಗಿ ಕನ್ನಡಿಗನೋ ಮಲಯಾಳಿಯೋ, ಅವನ ಮಗಳು ಮಂಗಳೂರಿನಲ್ಲೇ ಇರುವಳೋ ಎಂದು ಆ ತಗಡಿನ ಮೇಲೆ ಬರೆದಿರಲಿಲ್ಲ. ಕನ್ನಡ ನಾಡಿಗೆ ಸೇರಬೇಕೆಂದು ಜೀವಮಾನವಿಡೀ ಘೋಷಣೆ ಕೂಗಿದವರೂ, ಕೇರಳವೇ ಸರಿ ಎಂದವರೂ ಒಂದೇ ಸಾಲಿನಲ್ಲಿ ನಿಂತರು. ತೆರಿಗೆಯ ರಶೀದಿಯೊಂದು ಮನುಷ್ಯನ ಜಾತಕವಾಗಿಬಿಡಬಹುದು ಎಂಬುದನ್ನು ನಮ್ಮ ಊರು ಕಲಿತದ್ದು ಆಗ. ನಮ್ಮ ಹಿರಿಯರು 1956ರಲ್ಲಿ ಏನನ್ನು ಕಳೆದುಕೊಂಡೆವೆಂದು ಅತ್ತರೋ ಅದು ಭಾಷೆಯ ಪ್ರಶ್ನೆ ಮಾತ್ರವಾಗಿರಲಿಲ್ಲ, ಹತ್ತಿರದ ಊರಿಗೆ ಹೋಗುವ ದಾರಿಯ ಪ್ರಶ್ನೆಯೂ ಆಗಿತ್ತು ಎಂದು ನನಗನಿಸುತ್ತದೆ.

ಹಾಗಾದರೆ ಕೇಳಬೇಕಾದದ್ದೇನು? ಗಡಿಯನ್ನು ಮತ್ತೆ ಎಳೆಯುವ ಮಾತು ನನ್ನ ವಿಷಯವಲ್ಲ. ಕೈಗೆಟಕುವ ಕೆಲವು ಸಂಗತಿಗಳಿವೆ. 1969ರ ಕೇರಳ ರಾಜ್ಯಭಾಷಾ ಕಾಯಿದೆಯ ಮೂರನೆಯ ಕಲಮು, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಘೋಷಿತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಎನ್ನುತ್ತದೆ. ವಾಹನದ ಅರ್ಜಿಗೂ ಅದು ಸಲ್ಲಬೇಕು. ನಾವು ಕನ್ನಡದಲ್ಲಿ ಬರೆದು ಕೊಡುವ ಅಭ್ಯಾಸವನ್ನು ಬಿಡಬಾರದು. ಎರಡು ರಾಜ್ಯಗಳು ಬಸ್ಸಿಗೆ ಒಪ್ಪಂದ ಮಾಡಿಕೊಂಡಂತೆ, ಗಡಿ ತಾಲೂಕುಗಳ ಖಾಸಗಿ ವಾಹನಗಳಿಗೂ ಒಂದು ತಿಳುವಳಿಕೆಗೆ ಬರಬಹುದು. ಹಳೆಯ ರಾಜ್ಯ ಕೊಡಬೇಕಾದ ತೆರಿಗೆಯನ್ನು ಹೊಸ ರಾಜ್ಯದ ಲೆಕ್ಕಕ್ಕೆ ನೇರವಾಗಿ ವರ್ಗಾಯಿಸಬಹುದು; ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿ ಒಂದಾಗಿರುವ ಈ ಕಾಲದಲ್ಲಿ ಒಡೆಯನೇ ಕಡತ ಹೊತ್ತು ಘಟ್ಟ ಹತ್ತಬೇಕಾದ ಅಗತ್ಯವೇನು? ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯನ್ನು ಹೊತ್ತ ವಾಹನಕ್ಕೆ ಯಾವ ಕಾಲದಲ್ಲೂ ನಂಬರು ಕೇಳಬಾರದು. ಇದನ್ನು ಎರಡೂ ಸರಕಾರಗಳು ಮುಂದಿನ ವಿಪತ್ತಿಗೆ ಮೊದಲೇ ಬರೆದಿಟ್ಟುಕೊಳ್ಳಬೇಕು.

2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ಹೊಸ ಬಗೆಯ ಭದ್ರತಾ ಪ್ಲೇಟು ಬರುತ್ತದೆ. ಅದರ ಎಡಬದಿಯಲ್ಲಿ ದೇಶದ ಹೆಸರಿನ ಮೂರಕ್ಷರ ಸಣ್ಣದಾಗಿ ನೀಲಿ ಬಣ್ಣದಲ್ಲಿದೆ. ರಾಜ್ಯದ ಎರಡಕ್ಷರ ದೊಡ್ಡದಾಗಿ ಕಪ್ಪು ಬಣ್ಣದಲ್ಲಿದೆ. ಈ ಸಂಚಿಕೆಯನ್ನು ಮಲಯಾಳದ ಕಡೆಯಿಂದ ಓದಲು ತೊಡಗುವ ಗೆಳೆಯರಿಗೂ ಕನ್ನಡದ ಕಡೆಯಿಂದ ಓದುವವರಿಗೂ ನನ್ನ ಬಿನ್ನಹ ಒಂದೇ. ದೊಡ್ಡಕ್ಷರವನ್ನು ಸರಕಾರಗಳು ಓದಿಕೊಳ್ಳಲಿ. ನಾವು ನೆರೆಯವರು ಸಣ್ಣಕ್ಷರವನ್ನು ಓದಲು ಕಲಿಯೋಣ.